ಹೆದ್ದಾರಿ ಬಿಟ್ಟುಹೋದ ದಾರಿ



ಚರಿತ್ರೆ ಎಂದ ಕೂಡಲೇ ನಮ್ಮ ಕಣ್ಣೆದುರಿಗೆ ಕೋಟೆ, ಅರಮನೆ, ದೇವಾಲಯ, ಶಾಸನಗಳು ಬರುತ್ತವೆ. ಅವುಗಳಿಗೆ ಕಾವಲುಗಾರನಿರುತ್ತಾನೆ, ಒಳಗೆ ಹೋಗಲು ಟಿಕೆಟ್ಟಿರುತ್ತದೆ, ಬಾಗಿಲಲ್ಲಿ ಒಂದು ಫಲಕವಿರುತ್ತದೆ. ಆದರೆ ತಲೆಮಾರುಗಳ ಕಾಲ ಲಕ್ಷಾಂತರ ಜನ ಓಡಾಡಿ, ಈಗ ಬಹುಮಂದಿ ಬಿಟ್ಟುಹೋಗಿರುವ ಹಳೆಯ ರಸ್ತೆಯೂ ಚರಿತ್ರೆಯ ಒಂದು ಆಕರವೇ. ಅದಕ್ಕೆ ಕಾವಲುಗಾರನಿಲ್ಲ, ಫಲಕವೂ ಇಲ್ಲ. ಅದನ್ನು ಓದುವ ಬಗೆಯನ್ನು ನಾವೇ ಕಲಿಯಬೇಕು. ಅಂಥ ಒಂದು ರಸ್ತೆಯನ್ನು ಈಗ ಒಟ್ಟಿಗೆ ಓದೋಣ. ಅದು ನಿಮ್ಮಲ್ಲಿ ಅನೇಕರು ಓಡಾಡಿರುವ ಬೆಂಗಳೂರು-ಮೈಸೂರು ಹಳೆಯ ರಸ್ತೆ.

ಎರಡು ರಸ್ತೆಗಳು

ಬೆಂಗಳೂರಿನಿಂದ ಮೈಸೂರಿಗೆ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 118 ಕಿ.ಮೀ. ನಡುವೆ ವೇಗದ ವಾಹನಗಳಿಗೆ ಆರು ಪಥ, ಎರಡೂ ಬದಿಯಲ್ಲಿ ಊರಿನ ವಾಹನಗಳಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಈಗ ಸುಮಾರು ಒಂದೂವರೆ ಗಂಟೆಗೆ ಇಳಿದಿದೆ.

ಈ ಹೆದ್ದಾರಿ ಹಲವು ಕಡೆ ಹಳೆಯ ರಸ್ತೆಯ ಜಾಗದಲ್ಲೇ ಹಾದುಹೋಗುತ್ತದೆ. ಅಲ್ಲಿ ಹಳೆಯದರ ಗುರುತು ಬಹುಮಟ್ಟಿಗೆ ಅಳಿಸಿದೆ. ಆದರೆ ಬಿಡದಿ, ರಾಮನಗರ-ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಂಬ ಐದು ಕಡೆ ಅದು ಊರನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಅಥವಾ ಊರಿನ ತಲೆಯ ಮೇಲೆ ಹಾರಿಹೋಗುತ್ತದೆ. ಇವನ್ನೇ ನಾವು ಬೈಪಾಸ್ ಎನ್ನುವುದು. ಅತಿ ಉದ್ದನೆಯದು ರಾಮನಗರ ಮತ್ತು ಚನ್ನಪಟ್ಟಣ ಎರಡನ್ನೂ ಒಟ್ಟಿಗೆ ಬಿಟ್ಟುಬಿಡುವ ಸುಮಾರು 22 ಕಿ.ಮೀ. ಬೈಪಾಸ್. ಈ ಐದು ಕಡೆಗಳಲ್ಲಿ ಹಳೆಯ ರಸ್ತೆ ಇನ್ನೂ ಊರೊಳಗೆ ಹಾಗೆಯೇ ಉಳಿದಿದೆ. ನಾವು ಓದಬೇಕಾದದ್ದು ಈ ತುಂಡುಗಳನ್ನು.

'ಹೆದ್ದಾರಿ' ಎಂಬುದು ಸರ್ಕಾರಿ ಕಡತದಲ್ಲಿ ಹುಟ್ಟಿದ ಮಾತಲ್ಲ. ಹಿರಿದು ಮತ್ತು ದಾರಿ ಕೂಡಿ ಆದ ಅಚ್ಚಕನ್ನಡದ ಪದ. ಹಳಗನ್ನಡದಲ್ಲಿ ದಾರಿಗೆ 'ಬಟ್ಟೆ' ಎಂಬ ಮಾತೂ ಇತ್ತು. ನಮ್ಮ ಶಾಸನಗಳಲ್ಲಿ ಬರುವ 'ಹೆಜ್ಜುಂಕ' ಎಂಬ ದೊಡ್ಡ ಸುಂಕ ವ್ಯಾಪಾರದ ಸರಕುಗಳ ಮೇಲೆ ಬೀಳುತ್ತಿದ್ದುದು. ಇಂದು ಬಿಡದಿಯ ಬಳಿಯೂ ಶ್ರೀರಂಗಪಟ್ಟಣದ ಬಳಿಯೂ ಟೋಲ್ ಕಟ್ಟುವಾಗ ಬೇಸರವಾದರೆ, ದಾರಿಯ ಮೇಲೆ ಹಣ ತೆರುವುದು ನಮ್ಮ ನಾಡಿಗೆ ಹೊಸದಲ್ಲ ಎಂಬುದನ್ನು ನೆನೆಯಿರಿ.

ಎತ್ತಿನ ನಡಿಗೆಯ ಲೆಕ್ಕ

ಈಗ ಒಂದು ಕಾಗದ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಬೆಂಗಳೂರಿನ ಪೇಟೆಯಿಂದ ಹಳೆಯ ರಸ್ತೆಯಲ್ಲಿ ಒಂದೊಂದು ಊರಿಗೂ ಇರುವ ದೂರವನ್ನು ಸುಮಾರಾಗಿ ಬರೆಯಿರಿ. ಕೆಂಗೇರಿ 16 ಕಿ.ಮೀ., ಬಿಡದಿ 32, ರಾಮನಗರ 49, ಚನ್ನಪಟ್ಟಣ 60, ಮದ್ದೂರು 80, ಮಂಡ್ಯ 100, ಶ್ರೀರಂಗಪಟ್ಟಣ 125, ಮೈಸೂರು 140. ಒಂದು ಊರಿನಿಂದ ಮುಂದಿನ ಊರಿಗೆ ಇರುವ ಅಂತರವನ್ನು ಕಳೆದು ನೋಡಿ. ಎಲ್ಲಿಯೂ 25 ಕಿಲೋಮೀಟರಿಗಿಂತ ಹೆಚ್ಚು ಬರುವುದಿಲ್ಲ.

ಇದು ಆಕಸ್ಮಿಕವೇ? ಭಾರ ಹೊತ್ತ ಎತ್ತಿನ ಗಾಡಿ ಗಂಟೆಗೆ ಎರಡು, ಹೆಚ್ಚೆಂದರೆ ಮೂರು ಮೈಲಿ ನಡೆಯುತ್ತದೆ. ಬಿಸಿಲೇರಿದ ಮೇಲೆ ಎತ್ತುಗಳನ್ನು ಬಿಚ್ಚಿ ನೀರು ಕುಡಿಸಬೇಕು, ಮೇವು ಹಾಕಬೇಕು. ಹೀಗಾಗಿ ದಿನಕ್ಕೆ ಹನ್ನೆರಡರಿಂದ ಹದಿನೈದು ಮೈಲಿ, ಅಂದರೆ 20ರಿಂದ 24 ಕಿ.ಮೀ. ನಡೆದರೆ ಅದೇ ಹೆಚ್ಚು. ಗಾಡಿಯವನಿಗೆ ಪ್ರತಿ ಸಂಜೆಯೂ ಒಂದು ಊರು ಬೇಕು. ಅಲ್ಲಿ ಬಾವಿ ಅಥವಾ ಕಟ್ಟೆ ಬೇಕು, ಹುಲ್ಲು ಸಿಗಬೇಕು, ಛತ್ರವೋ ಜಗುಲಿಯೋ ಇರಬೇಕು, ಕಳ್ಳರ ಭಯವಿರಬಾರದು, ಮುರಿದ ಅಚ್ಚನ್ನು ಸರಿಮಾಡುವ ಬಡಗಿ, ಲಾಳ ಕಟ್ಟುವವನು ಇರಬೇಕು. ಬೆಂಗಳೂರಿನಿಂದ ಮೈಸೂರಿಗೆ ಆರೇಳು ದಿನಗಳ ಪ್ರಯಾಣವೆಂದರೆ ಆರೇಳು ಸಂಜೆಗಳ ನಿಲುಗಡೆ.

ಈ ಊರುಗಳೆಲ್ಲ ರಸ್ತೆಯಿಂದಲೇ ಹುಟ್ಟಿದವು ಎಂದು ಹೇಳುವಂತಿಲ್ಲ. ಚನ್ನಪಟ್ಟಣ ಪಾಳೆಯಗಾರ ಜಗದೇವರಾಯನ ರಾಜಧಾನಿಯಾಗಿತ್ತು. ಶ್ರೀರಂಗಪಟ್ಟಣದ ಹಿರಿಮೆ ನಿಮಗೆ ಗೊತ್ತೇ ಇದೆ. ಆದರೆ ಅವು ಬೆಳೆದದ್ದರಲ್ಲಿ, ಉಳಿದದ್ದರಲ್ಲಿ ದಾರಿಹೋಕರ ನಿಲುಗಡೆಗೆ ದೊಡ್ಡ ಪಾಲಿದೆ. ಹಳೆಯ ರಸ್ತೆಯನ್ನು ಓದುವುದೆಂದರೆ ಜನ ಎಲ್ಲೆಲ್ಲಿ ನಿಂತರು, ಏಕೆ ನಿಂತರು ಎಂಬುದನ್ನು ಓದುವುದು. ಇದು ಈ ಪಾಠದ ಮೊದಲ ಸೂತ್ರ.

ರಸ್ತೆಯ ಕಾವಲಿಗೆ ಹುಟ್ಟಿದ ಊರು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸುಲ್ತಾನ್ ಹತನಾದ. ಬ್ರಿಟಿಷರು ಮೈಸೂರಿನ ಗದ್ದುಗೆಯ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಿದರು. ದಿವಾನರಾದವರು ಪೂರ್ಣಯ್ಯ. ರಾಜಧಾನಿ ಮೈಸೂರಿಗೆ ಹೋಯಿತು. ಶ್ರೀರಂಗಪಟ್ಟಣದ ಹವೆ ಒಗ್ಗದೆ ಬ್ರಿಟಿಷ್ ಸೈನ್ಯ ಬೆಂಗಳೂರಿಗೆ ಬಂದು 1809ರಲ್ಲಿ ದಂಡುಪ್ರದೇಶ ನೆಲೆಗೊಂಡಿತು. ಹೀಗೆ ರಾಜರು ಒಂದು ತುದಿಯಲ್ಲಿ, ದಂಡು ಇನ್ನೊಂದು ತುದಿಯಲ್ಲಿ ಆದರು. ಇವೆರಡನ್ನೂ ಜೋಡಿಸುವ ದಾರಿ ರಾಜ್ಯದ ಬೆನ್ನೆಲುಬಾಯಿತು.

ಆ ದಾರಿ ಹೇಗಿತ್ತು? ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಗವರ್ನರ್ ಜನರಲ್‌ರ ಅಪ್ಪಣೆಯ ಮೇರೆಗೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಕಂಡದ್ದನ್ನು ದಿನಚರಿಯಂತೆ ಬರೆದಿಟ್ಟ. ಅದು 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಅವನು ಈ ಊರುಗಳ ಮೇಲೆಯೇ ಹೋದ. ಚನ್ನಪಟ್ಟಣದ ಗಾಜಿನ ಬಳೆಗಳು, ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ, ಸಕ್ಕರೆ ಇವುಗಳ ವಿವರ ಅವನ ಬರವಣಿಗೆಯಲ್ಲಿದೆ. ಚನ್ನಪಟ್ಟಣವೆಂದರೆ ಬರೀ ಬೊಂಬೆ ಎಂದುಕೊಂಡಿರುವ ನಮಗೆ ಇದು ಹೊಸ ವಿಷಯ. ವೀಣೆಯ ತಂತಿಗಾಗಿ ಜನ ಇಲ್ಲಿ ನಿಲ್ಲುತ್ತಿದ್ದ ಕಾಲವೊಂದಿತ್ತು.

ಬಿಡದಿ ಮತ್ತು ಚನ್ನಪಟ್ಟಣಗಳ ನಡುವೆ ರಾಮಗಿರಿಯ ಸುತ್ತ ದಟ್ಟ ಕಾಡು, ಬಂಡೆಗಳ ಬೆಟ್ಟ. ದಾರಿಹೋಕರಿಗೆ ಅಲ್ಲಿ ರಕ್ಷಣೆ ಇರಲಿಲ್ಲ. ಆದುದರಿಂದ 1800ರಲ್ಲಿ ಪೂರ್ಣಯ್ಯನವರು ಅರ್ಕಾವತಿಯ ದಂಡೆಯ ಮೇಲೆ ಒಂದು ಹೊಸ ಪೇಟೆಯನ್ನು ಕಟ್ಟಿಸಿದರು. ಆಗ ಮೈಸೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರನ್ನು ಅದಕ್ಕಿಟ್ಟರು. ಅದೇ ಕ್ಲೋಸ್‌ಪೇಟೆ, ಇಂದಿನ ರಾಮನಗರ. ರಸ್ತೆಯ ಕಾವಲಿಗೆಂದೇ ಹುಟ್ಟಿದ ಊರು ಅದು. ಊರಿನ ಹೆಸರು ಬದಲಾದರೂ ಹಳೆಯ ಹೆಸರು ಭೂವಿಜ್ಞಾನದಲ್ಲಿ ಉಳಿದಿದೆ. ಆ ಬೆಟ್ಟಗಳ ಕಲ್ಲನ್ನು ವಿಜ್ಞಾನಿಗಳು ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ.

ಒಂದು ಮಾತನ್ನು ಗಮನಿಸಿ. ಇನ್ನೂರು ವರ್ಷಗಳ ಹಿಂದೆ ಆಡಳಿತಗಾರನೊಬ್ಬ ರಸ್ತೆಗೆ ಊರು ಬೇಕು ಎಂದು ತಿಳಿದು ಊರನ್ನು ಕಟ್ಟಿಸಿದ. ಇನ್ನೂರ ಇಪ್ಪತ್ತಮೂರು ವರ್ಷಗಳ ಮೇಲೆ ರಸ್ತೆಗೆ ಊರು ಅಡ್ಡಿ ಎಂದು ತಿಳಿದು ಅದೇ ಊರನ್ನು ಪಕ್ಕಕ್ಕೆ ಬಿಟ್ಟೆವು. ಎರಡೂ ತೀರ್ಮಾನಗಳಿಗೆ ಆಯಾ ಕಾಲದ ಕಾರಣಗಳಿವೆ. ಆ ಕಾರಣಗಳನ್ನು ಅರಿಯುವುದೇ ಚರಿತ್ರೆಯ ಕೆಲಸ.

ಎರಡು ಸೇತುವೆ, ಎರಡು ವಿದ್ಯೆ

ಶ್ರೀರಂಗಪಟ್ಟಣಕ್ಕೆ ಹೋದವರು ಕೋಟೆ, ದರಿಯಾ ದೌಲತ್, ಗುಂಬಜ್ ನೋಡಿ ಬರುತ್ತಾರೆ. ಮುಂದಿನ ಸಲ ಹೋದಾಗ ಕಾವೇರಿಯ ಉತ್ತರ ಕವಲಿನ ಮೇಲಿರುವ ಹಳೆಯ ಸೇತುವೆಯನ್ನೂ ನೋಡಿ. ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ನಮ್ಮ ನಾಡಿನ ಕೆಲಸಗಾರರೇ ಕಟ್ಟಿ 1804ರಲ್ಲಿ ಮುಗಿಸಿದ್ದು. ಅಂದಿನ ಗವರ್ನರ್ ಜನರಲ್‌ನ ಹೆಸರಿನಿಂದ ಅದಕ್ಕೆ ವೆಲ್ಲೆಸ್ಲಿ ಸೇತುವೆ ಎಂದು ಹೆಸರಾಯಿತು.

ಅದರ ರಚನೆಯನ್ನು ಬಗ್ಗಿ ನೋಡಬೇಕು. ನದಿಯ ತಳದಿಂದ ಕಲ್ಲಿನ ಕಂಬಗಳು ಸಾಲಾಗಿ ಎದ್ದಿವೆ. ಕಂಬದ ತಲೆಯ ಮೇಲೆ ಬೋದಿಗೆಯಂಥ ಚಾಚುಗಲ್ಲು, ಅದರ ಮೇಲೆ ಕಲ್ಲಿನ ತೊಲೆ. ಎಲ್ಲಿಯೂ ಕಮಾನಿಲ್ಲ. ಇದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸುತ್ತದೆಯೇ? ಹೌದು, ದೇವಸ್ಥಾನದ ಮಂಟಪ ಕಟ್ಟುವ ಕ್ರಮವೇ ಇದು. ಮಂಟಪ ಕಟ್ಟಿ ಬಲ್ಲ ಕೈಗಳು ಅದೇ ವಿದ್ಯೆಯಿಂದ ನದಿಗೆ ಸೇತುವೆ ಹಾಕಿದವು. ಕಲ್ಲು ಭಾರವನ್ನು ಹೊರಬಲ್ಲದು, ಆದರೆ ಬಾಗಲಾರದು. ಉದ್ದನೆಯ ಕಲ್ಲಿನ ತೊಲೆ ನಡುವೆ ಬಿರುಕುಬಿಡುತ್ತದೆ. ಆದುದರಿಂದ ತೊಲೆ ಗಿಡ್ಡವಾಗಿರಬೇಕು, ಕಂಬಗಳು ಒತ್ತೊತ್ತಾಗಿ ನಿಲ್ಲಬೇಕು. ಸೇತುವೆಯ ಕೆಳಗೆ ಕಂಬಗಳ ಕಾಡೇ ಇರುವುದು ಇದರಿಂದ.

ಇದರ ಜೊತೆಗೆ ಮದ್ದೂರನ್ನು ಹೋಲಿಸಿ. ಅಲ್ಲಿ ಶಿಂಷಾ ನದಿಗೆ 1850ರಲ್ಲಿ ಈ ರಸ್ತೆಗಾಗಿ ಏಳು ಕಮಾನುಗಳ ಇಟ್ಟಿಗೆಯ ಸೇತುವೆಯನ್ನು ಕಟ್ಟಿದ್ದನ್ನು ಗೆಜೆಟಿಯರ್ ದಾಖಲಿಸಿದೆ. ಕಮಾನಿನಲ್ಲಿ ಒಂದೊಂದು ಇಟ್ಟಿಗೆಯೂ ಪಕ್ಕದ ಇಟ್ಟಿಗೆಯನ್ನು ಒತ್ತಿ ಹಿಡಿಯುತ್ತದೆ, ಭಾರ ಬಾಗಿಸದೆ ಎರಡು ಬದಿಯ ಕಂಬಕ್ಕೆ ಇಳಿದುಹೋಗುತ್ತದೆ. ಆದ್ದರಿಂದ ಕಂಬಗಳ ನಡುವೆ ಹೆಚ್ಚು ಅಂತರ ಬಿಡಬಹುದು, ನೀರಿಗೆ ದಾರಿ ವಿಶಾಲವಾಗುತ್ತದೆ. 1804ರ ಕಲ್ಲುಕಂಬಕ್ಕೂ 1850ರ ಕಮಾನಿಗೂ ನಡುವೆ ಇರುವುದು 46 ವರ್ಷ. ಅಷ್ಟರಲ್ಲಿ ಆಡಳಿತವೂ ಬದಲಾಗಿತ್ತು, ಸೇತುವೆ ಕಟ್ಟುವ ಬಗೆಯೂ ಬದಲಾಗಿತ್ತು.

ಕಟ್ಟಿದ್ದು ಗಟ್ಟಿಯಾಗಿದ್ದರೆ ಸಾಲದು, ನೋಡಿಕೊಳ್ಳುವವರೂ ಬೇಕು. ಮದ್ದೂರಿನಿಂದ ದಕ್ಷಿಣಕ್ಕೆ ಮಳವಳ್ಳಿಯ ಮೂಲಕ ಹೋದರೆ ಶಿವನಸಮುದ್ರ ಸಿಗುತ್ತದೆ. ಅಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬವರು 1830ರ ದಶಕದ ಆರಂಭದಲ್ಲಿ ಕಾವೇರಿಗೆ ಕಲ್ಲುಕಂಬಗಳ ಇಂಥದೇ ಸೇತುವೆಯನ್ನು ಕಟ್ಟಿಸಿದರು. ಜನ ಅದನ್ನು ವೆಸ್ಲಿ ಸೇತುವೆ ಎನ್ನುತ್ತಾರೆ. ಪಕ್ಕದಲ್ಲಿ ಹೊಸ ಸೇತುವೆ ಬಂದಮೇಲೆ ಅದರ ಮೇಲೆ ವಾಹನ ನಿಂತಿತು. 2018ರ ಮಳೆಗಾಲದ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಬಿಟ್ಟುಹೋದ ದಾರಿ ಹಾಳಾಗಲು ಬಾಂಬು ಬೇಕಿಲ್ಲ, ಮರೆವು ಸಾಕು.

ಜಲ್ಲಿ, ಸಾಲುಮರ, ರೈಲು

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಾವೇ ವಹಿಸಿಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ರ ಕಾಲದಲ್ಲಿ ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ಲೋಕೋಪಯೋಗಿ ಇಲಾಖೆ 1856ರಲ್ಲಿ ಹುಟ್ಟಿತು. ಗಾಡಿಗಳ ಚಕ್ರ ಕೊರೆದ ಮಣ್ಣಿನ ಜಾಡು ಹೋಗಿ ಜಲ್ಲಿ ರಸ್ತೆ ಬಂತು. ಒಡೆದ ಕಲ್ಲನ್ನು ಪದರ ಪದರವಾಗಿ ಹರಡಿ, ಮಣ್ಣು ಮತ್ತು ನೀರು ಹಾಕಿ, ಉರುಳುಗಲ್ಲಿನಿಂದ ಅದುಮಿ, ನಡುವೆ ಉಬ್ಬು ಬದಿಗೆ ಇಳಿಜಾರು ಇರುವಂತೆ ಮಾಡುವುದು ಅದರ ಕ್ರಮ. ನೀರು ನಿಲ್ಲದೆ ಬದಿಯ ಚರಂಡಿಗೆ ಹೋಗಬೇಕು. ರಸ್ತೆಯ ನಿಜವಾದ ಶತ್ರು ಗಾಡಿಯಲ್ಲ, ನೀರು. ಇದನ್ನು ಹಿಂದಿನವರು ಬಲ್ಲರು. 2022ರ ಆಗಸ್ಟ್ ಕೊನೆಯಲ್ಲಿ ಭಾರಿ ಮಳೆಗೆ ರಾಮನಗರದ ಬಳಿ ಕಾಮಗಾರಿ ನಡೆಯುತ್ತಿದ್ದ ಹೊಸ ಹೆದ್ದಾರಿಯ ಮೇಲೆ ನೀರು ನುಗ್ಗಿ ವಾಹನಗಳು ಮುಳುಗಿದಾಗ ಈ ಪಾಠವನ್ನು ನಾವು ಮತ್ತೆ ಕಲಿತೆವು.

ರಸ್ತೆಯ ಎರಡೂ ಬದಿಗೆ ಸಾಲುಮರ ನೆಡುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ದಾರಿಬದಿಯಲ್ಲಿ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಅಶೋಕ ತನ್ನ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಆಲ, ಗೋಣಿ, ಬೇವು, ಹುಣಸೆ, ಹೊಂಗೆ, ಮಾವು, ನೇರಳೆ ಇವೆಲ್ಲ ಹಳೆಯ ಮೈಸೂರು ಸೀಮೆಯ ದಾರಿಮರಗಳು. ನೆರಳು ನಡೆಯುವವನಿಗೂ ಎತ್ತಿಗೂ ಬೇಕು. ಮೋಟಾರಿಗೆ ಬೇಕಿಲ್ಲ. ಆದುದರಿಂದಲೇ ರಸ್ತೆ ಅಗಲವಾದಾಗ ಮೊದಲು ಹೋಗುವುದು ಮರ. ಮೈಸೂರು ರಸ್ತೆ ನಾಲ್ಕು ಪಥವಾದಾಗಲೂ ಹೀಗೆಯೇ ಆಯಿತು. ಈ ರಸ್ತೆಯಿಂದ ಬಹಳ ದೂರವಲ್ಲದ ಮಾಗಡಿ ತಾಲ್ಲೂಕಿನ ಹುಲಿಕಲ್-ಕುದೂರು ನಡುವೆ ಸಾಲುಮರದ ತಿಮ್ಮಕ್ಕ ಮತ್ತು ಪತಿ ಚಿಕ್ಕಯ್ಯ ನೀರು ಹೊತ್ತು ಬೆಳೆಸಿದ 380ಕ್ಕೂ ಹೆಚ್ಚು ಆಲದ ಮರಗಳಿವೆ. 2019ರಲ್ಲಿ ರಸ್ತೆ ಅಗಲೀಕರಣದಿಂದ ಅವುಗಳಿಗೂ ಕುತ್ತು ಬಂದಾಗ ತಿಮ್ಮಕ್ಕನವರು ಮುಖ್ಯಮಂತ್ರಿಯವರಿಗೆ ಮೊರೆಯಿಡಬೇಕಾಯಿತು.

ಮೈಸೂರು ರಸ್ತೆಯನ್ನು ಮೊದಲು ಹಿಂದೆ ಹಾಕಿದ್ದು ಹೆದ್ದಾರಿಯಲ್ಲ, ರೈಲು. 1876-78ರ ಘೋರ ಕ್ಷಾಮದ ಕಾಲದಲ್ಲಿ ಹಸಿದವರಿಗೆ ಕೂಲಿ ಕೊಡುವ ಸಲುವಾಗಿ ಆರಂಭವಾದ ಬೆಂಗಳೂರು-ಮೈಸೂರು ರೈಲುದಾರಿ 1882ರಲ್ಲಿ ಪೂರ್ತಿಯಾಯಿತು. ಆರೇಳು ದಿನದ ದಾರಿ ಒಂದು ದಿನದೊಳಗೆ ಮುಗಿಯತೊಡಗಿತು. ಗಾಡಿಗಳ ಸಾಲು ಕರಗಿತು. ಆದರೆ ಊರುಗಳು ಸಾಯಲಿಲ್ಲ. ಏಕೆಂದರೆ ರೈಲೂ ಅದೇ ಊರುಗಳಲ್ಲಿ ನಿಲ್ಲುತ್ತಿತ್ತು. ಬಿಡದಿ, ಕ್ಲೋಸ್‌ಪೇಟೆ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಸ್ಟೇಷನ್ ಬಂತು. ನಿಲುಗಡೆ ಛತ್ರದಿಂದ ಪ್ಲಾಟ್‌ಫಾರ್ಮಿಗೆ ಸರಿಯಿತು, ಅಷ್ಟೆ. ಮದ್ದೂರು ವಡೆ ಹುಟ್ಟಿದ್ದು ಅಲ್ಲಿಯೇ. 1917ರ ಸುಮಾರಿಗೆ ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುದ್ಯ ಎಂಬವರು, ರೈಲು ಹೊತ್ತಿಗೆ ಮುಂಚೆ ಬಂದ ದಿನ, ಇದ್ದ ಹಿಟ್ಟುಗಳನ್ನು ಈರುಳ್ಳಿಯೊಡನೆ ಕಲಸಿ ತಟ್ಟಿ ಕರಿದುಕೊಟ್ಟರು ಎಂದು ಊರಿನವರು ಹೇಳುತ್ತಾರೆ. ರೈಲು ನಿಲ್ಲದಿದ್ದರೆ ಆ ವಡೆ ಇರುತ್ತಿರಲಿಲ್ಲ.

ನಿಂತವರಿಂದ ಬದುಕಿದವರು

ಇಪ್ಪತ್ತನೆಯ ಶತಮಾನದಲ್ಲಿ ಬಸ್ಸು, ಕಾರು, ಲಾರಿ ಬಂದು ರಸ್ತೆಗೆ ಮತ್ತೆ ಜೀವ ಬಂತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆ, ಮದ್ದೂರಿನಲ್ಲಿ ವಡೆ, ದಾರಿಯುದ್ದಕ್ಕೂ ಎಳನೀರು. ರಾಮನಗರದ ಬಂಡೆಗಳ ನಡುವೆ 1973ರಲ್ಲಿ 'ಶೋಲೆ' ಚಿತ್ರದ ಚಿತ್ರೀಕರಣ ಆರಂಭವಾದಾಗ, ಚಿತ್ರತಂಡ ಹೆದ್ದಾರಿಯಿಂದ ಬೆಟ್ಟದ ತಪ್ಪಲಿಗೆ ಒಂದು ದಾರಿಯನ್ನೇ ಮಾಡಿಕೊಳ್ಳಬೇಕಾಯಿತು. ಎಚ್.ಎಲ್. ನಾಗೇಗೌಡರು 1994ರಲ್ಲಿ ಜಾನಪದ ಲೋಕವನ್ನು ಕಟ್ಟಿದ್ದೂ ರಾಮನಗರದಾಚೆ ಈ ರಸ್ತೆಯ ಬದಿಯಲ್ಲಿಯೇ. ದಾರಿಯಲ್ಲಿ ಹೋಗುವವರು ಇಳಿದು ನೋಡಿ ಹೋಗುವುದಕ್ಕೆ ಅನುಕೂಲವಾದ ಜಾಗ ಅದು.

ರಸ್ತೆ ಊರಿನ ನಡುವೆ ಹಾದರೆ ಊರಿನ ದನಿಯೂ ರಸ್ತೆಗೆ ಕೇಳಿಸುತ್ತದೆ. ಕಾವೇರಿ ನೀರಿನ ವಿವಾದ ಬಿಸಿಯೇರಿದಾಗಲೆಲ್ಲ ಮಂಡ್ಯದ ರೈತರು ಬಂದು ಕುಳಿತದ್ದು ಈ ರಸ್ತೆಯ ಮೇಲೆಯೇ. ಅಲ್ಲಿ ಕುಳಿತರೆ ಬೆಂಗಳೂರಿಗೂ ಮೈಸೂರಿಗೂ ಒಟ್ಟಿಗೆ ಸುದ್ದಿ ಮುಟ್ಟುತ್ತಿತ್ತು.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಊರೊಳಗೆ ಲಾರಿಗಳ ಸಾಲು, ಹೊಗೆ, ಶಾಲೆಯ ಮಕ್ಕಳು ರಸ್ತೆ ದಾಟಲು ಪಡುವ ಪಾಡು, ಅಪಘಾತ, ದಟ್ಟಣೆಯಲ್ಲಿ ಸಿಕ್ಕಿಕೊಂಡ ಆಂಬುಲೆನ್ಸ್ ಇವೆಲ್ಲ ನಿಜ. ಬೈಪಾಸ್ ಬೇಡಿದವರಲ್ಲಿ ಊರಿನವರೂ ಇದ್ದರು. ಹೊಸ ಹೆದ್ದಾರಿ ತೆರೆದ ಮೇಲೆ ಊರು ತಣ್ಣಗಾಯಿತು. ಜೊತೆಗೆ ವ್ಯಾಪಾರವೂ ತಣ್ಣಗಾಯಿತು. ಬೊಂಬೆ ಅಂಗಡಿಯವರು, ಹೋಟೆಲಿನವರು, ಎಳನೀರು ಮಾರುವವರು ಗಿರಾಕಿಗಳಿಲ್ಲವೆಂದು ಹೇಳಿಕೊಂಡದ್ದು ಪತ್ರಿಕೆಗಳಲ್ಲಿ ಬಂತು. ಹೊಸ ರಸ್ತೆಯ ವೇಗವೂ ಪ್ರಾಣ ತೆಗೆಯಿತು. ಅಪಘಾತಗಳು ಹೆಚ್ಚಿದ್ದರಿಂದ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ಪಥಗಳಲ್ಲಿ ಪ್ರವೇಶ ನಿಷೇಧಿಸಲಾಯಿತು. ಹೀಗೆ ನಿಧಾನವಾಗಿ ಹೋಗುವವರ ಪಾಲಿಗೆ ಉಳಿದದ್ದು ಮತ್ತೆ ಹಳೆಯ ರಸ್ತೆಯೇ. ಅದು ಸತ್ತಿಲ್ಲ. ಹಾಲಿನ ಕ್ಯಾನಿನ ಬೈಕು, ಕಬ್ಬಿನ ಟ್ರ್ಯಾಕ್ಟರು, ಊರೂರಿಗೆ ನಿಲ್ಲುವ ಬಸ್ಸು, ಸೈಕಲ್ಲಿನ ವಿದ್ಯಾರ್ಥಿ ಇವರೆಲ್ಲರ ರಸ್ತೆ ಅದು.

ರೈಲಿಗೂ ಬೈಪಾಸಿಗೂ ಇರುವ ವ್ಯತ್ಯಾಸ ಈಗ ನಿಮಗೆ ತಿಳಿಯಿತು. ರೈಲು ನಿಲುಗಡೆಯ ಜಾಗವನ್ನು ಬದಲಿಸಿತು. ಹೊಸ ಹೆದ್ದಾರಿ ನಿಲುಗಡೆಯನ್ನೇ ತೆಗೆದುಹಾಕಿತು.

ಇನ್ನೊಂದು ದೇಶದ ಒಂದು ಊರು

ಹೆದ್ದಾರಿ ಬಿಟ್ಟುಹೋದ ಊರಿಗೆ ಉಳಿವಿನ ದಾರಿಯೇ ಇಲ್ಲವೇ? ಇದಕ್ಕೆ ಉತ್ತರ ಹುಡುಕಲು ಒಂದು ಗಳಿಗೆ ನಮ್ಮ ನಾಡನ್ನು ಬಿಟ್ಟು ಅಮೆರಿಕಕ್ಕೆ ಹೋಗೋಣ. ಬೈಪಾಸಿನ ನೋವನ್ನು ನಮಗಿಂತ ಮೊದಲು ಕಂಡ ದೇಶ ಅದು. ಅಲ್ಲಿ ಷಿಕಾಗೋದಿಂದ ಲಾಸ್ ಏಂಜಲೀಸ್ ಕಡೆಗೆ 1926ರಲ್ಲಿ ಗುರುತಿಸಿದ 'ರೂಟ್ 66' ಎಂಬ ಹೆದ್ದಾರಿಯ ಉದ್ದ ಸುಮಾರು 3,900 ಕಿ.ಮೀ. ಅದು ನೂರಾರು ಸಣ್ಣ ಊರುಗಳ ನಡುಬೀದಿಯಾಗಿ ಹಾದಿತ್ತು. ವೇಗದ ಹೊಸ ಹೆದ್ದಾರಿಗಳು ಬಂದಂತೆ ಒಂದೊಂದೇ ಊರು ಪಕ್ಕಕ್ಕೆ ಬಿದ್ದಿತು. 1985ರಲ್ಲಿ ರೂಟ್ 66 ಅಧಿಕೃತ ಪಟ್ಟಿಯಿಂದಲೇ ಹೋಯಿತು. ಎಷ್ಟೋ ಊರುಗಳು ಪಾಳುಬಿದ್ದವು.

ಅರಿಜೋನಾ ರಾಜ್ಯದ ಸೆಲಿಗ್ಮನ್ ಅಂಥದೇ ಒಂದು ಸಣ್ಣ ಊರು. 1978ರ ಸೆಪ್ಟೆಂಬರಿನಲ್ಲಿ ಬೈಪಾಸ್ ತೆರೆದ ದಿನ ಊರಿನ ಬೀದಿ ಬರಿದಾಯಿತು. ಅಲ್ಲಿ ಏಂಜಲ್ ಡೆಲ್ಗಾಡಿಲ್ಲೋ ಎಂಬ ಕ್ಷೌರಿಕರಿದ್ದರು. ಅವರು ನೆರೆಯ ಊರಿನವರನ್ನೂ ಸೇರಿಸಿಕೊಂಡು 1987ರಲ್ಲಿ ಒಂದು ಸಂಘ ಕಟ್ಟಿದರು. ತಮ್ಮ ಭಾಗದ ಹಳೆಯ ರಸ್ತೆಯನ್ನು ಚಾರಿತ್ರಿಕ ರಸ್ತೆಯೆಂದು ಘೋಷಿಸುವಂತೆ ರಾಜ್ಯ ಸರ್ಕಾರವನ್ನು ಒಪ್ಪಿಸಿದರು. ನಿಧಾನವಾಗಿ ಹೋಗಬೇಕೆನ್ನುವವರು, ನಿಂತು ನೋಡಬೇಕೆನ್ನುವವರು ಅದನ್ನು ಹುಡುಕಿಕೊಂಡು ಬರತೊಡಗಿದರು. ಅಲ್ಲಿ ಊರನ್ನು ಉಳಿಸಿದ್ದು ತನ್ನ ರಸ್ತೆಯ ಚರಿತ್ರೆಯನ್ನು ಊರೇ ಬರೆದಿಟ್ಟುಕೊಂಡು ಹೇಳಲು ಕಲಿತದ್ದು. ನಮ್ಮ ಹಳೆಯ ಮೈಸೂರು ರಸ್ತೆಗೆ ಇನ್ನೂರು ವರ್ಷಗಳಿಗೂ ಮಿಕ್ಕ ಚರಿತ್ರೆ ಇದೆ. ಹೇಳುವವರು ಬೇಕಾಗಿದೆ.

ನೀವು ಮಾಡಬಹುದಾದ ಕೆಲಸ

ಈ ಕೆಲಸವನ್ನು ಮೈಸೂರು ರಸ್ತೆಯಲ್ಲಿಯೇ ಮಾಡಬೇಕೆಂದಿಲ್ಲ. ಇಂದು ಬೈಪಾಸ್ ಆಗಿರುವ ಊರುಗಳು ಅನೇಕ. ನಿಮ್ಮ ಊರಿನ ಹಳೆಯ ರಸ್ತೆಯನ್ನೇ ಆರಿಸಿಕೊಳ್ಳಿ. ನಾಲ್ಕೈದು ಜನ ಸೇರಿ, ಅಧ್ಯಾಪಕರಿಗೆ ತಿಳಿಸಿ, ಹಗಲಿನಲ್ಲಿ ಹೋಗಿ. ವೇಗದ ಹೆದ್ದಾರಿಯ ಮೇಲೆ ಕಾಲಿಡಬೇಡಿ. ಹಳೆಯ ಸೇತುವೆಯ ಅಂಚಿಗೆ, ತುಂಬಿದ ಹೊಳೆಗೆ ಇಳಿಯಬೇಡಿ.

ಮೊದಲು ಹಳೆಯ ಭೂಪಟ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಒಂದು ಇಂಚಿಗೆ ಒಂದು ಮೈಲಿಯ ಹಳೆಯ ನಕ್ಷೆ ಕಾಲೇಜಿನ ಭೂಗೋಳ ವಿಭಾಗದಲ್ಲಿ ಸಿಗಬಹುದು. ಅದನ್ನು ಇಂದಿನ ನಕ್ಷೆಯ ಪಕ್ಕದಲ್ಲಿಟ್ಟು, ರಸ್ತೆ ಎಲ್ಲೆಲ್ಲಿ ನೇರವಾಗಿದೆ, ಯಾವ ತಿರುವು ಬಿಟ್ಟುಹೋಗಿದೆ ಎಂದು ಗುರುತುಹಾಕಿ. ರಸ್ತೆ ನೇರವಾದಾಗ ಹಳೆಯ ತಿರುವು ಬಿಲ್ಲಿನಂತೆ ಪಕ್ಕದಲ್ಲಿ ಉಳಿದಿರುತ್ತದೆ. ಹೊಲದ ನಡುವೆ ಎರಡು ಸಾಲು ಮುದಿಮರ ಕಂಡರೆ, ನೀರಿಲ್ಲದ ಕಡೆ ಒಂಟಿ ಮೋರಿ ಕಂಡರೆ, ಅಲ್ಲಿ ಹಳೆಯ ರಸ್ತೆ ಹಾದಿತ್ತೆಂದು ಊಹಿಸಬಹುದು.

ಎರಡನೆಯದು ಕಲ್ಲು. 1960ರ ದಶಕದಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂತು. ಮೈಲಿ ಕೆತ್ತಿದ ಕಲ್ಲು ಸಿಕ್ಕರೆ ಅದು ಅದಕ್ಕೂ ಹಿಂದಿನದು. ಅದರ ಮೇಲಿನ ಬರಹವನ್ನು ಬರೆದುಕೊಳ್ಳಿ, ಚಿತ್ರ ತೆಗೆಯಿರಿ. ಕಲ್ಲನ್ನು ಮಾತ್ರ ಕೀಳಬೇಡಿ. ಇದ್ದ ಜಾಗದಿಂದ ಕಿತ್ತ ಮೈಲಿಗಲ್ಲು ಬರೀ ಕಲ್ಲಾಗುತ್ತದೆ.

ಮೂರನೆಯದು ಹೆಸರು. ಸುಂಕದಕಟ್ಟೆ, ಟೋಲ್‌ಗೇಟ್, ಛತ್ರದ ಬೀದಿ, ಬಂಗಲೆ ತೋಟ, ಗಾಡಿಖಾನೆ, ಅರವಟ್ಟಿಗೆ ಇಂಥ ಹೆಸರುಗಳು ಕಟ್ಟಡ ಬಿದ್ದುಹೋದ ಮೇಲೂ ಉಳಿಯುತ್ತವೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜನ. ಹಳೆಯ ಹೋಟೆಲಿನ ಯಜಮಾನರು, ಪಂಕ್ಚರ್ ಅಂಗಡಿಯವರು, ನಿವೃತ್ತ ಬಸ್ ಚಾಲಕರು, ಗಾಡಿ ಹೊಡೆದ ನೆನಪಿರುವ ಅಜ್ಜಂದಿರು, ರಸ್ತೆಬದಿಯಲ್ಲಿ ಹೂವು ಕಟ್ಟಿ ಮಾರಿದ ಅಜ್ಜಿಯರು. ಅವರ ಬಳಿ ಕುಳಿತು ವಿನಯದಿಂದ ಕೇಳಿ: ಇಲ್ಲಿ ಮೊದಲು ಏನು ನಿಲ್ಲುತ್ತಿತ್ತು? ಎಷ್ಟು ಹೊತ್ತಿಗೆ ಬರುತ್ತಿತ್ತು? ಇಳಿದವರು ಏನು ಕೇಳುತ್ತಿದ್ದರು? ಬೈಪಾಸ್ ಆದ ಮೊದಲ ದಿನ ಹೇಗಿತ್ತು? ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಾರೀಕು ಹಾಕಿ. ಕಲ್ಲು ಇನ್ನೂ ನೂರು ವರ್ಷ ಇರಬಹುದು, ಈ ನೆನಪು ಇರುವುದಿಲ್ಲ. ಆದುದರಿಂದ ಇದನ್ನೇ ಮೊದಲು ಮಾಡಿ.

ಮುಂದಿನ ಸಲ ಮೈಸೂರಿಗೆ ಹೊರಟಾಗ ಅವಸರವಿಲ್ಲದಿದ್ದರೆ ತಡೆರಹಿತ ಬಸ್ಸನ್ನು ಬಿಟ್ಟು ಊರೂರಿಗೆ ನಿಲ್ಲುವ ಬಸ್ಸನ್ನು ಹತ್ತಿ. ಒಂದೆರಡು ಗಂಟೆ ಹೆಚ್ಚಾಗುತ್ತದೆ. ರಾಮನಗರದಲ್ಲಿ ಇಳಿದು, ಇನ್ನೂರು ವರ್ಷಗಳ ಹಿಂದೆ ಕತ್ತಲಾಗುವ ಮುಂಚೆ ಇಲ್ಲಿ ತಲುಪಬೇಕೆಂದು ಎತ್ತುಗಳನ್ನು ಅವಸರಪಡಿಸಿದ ಗಾಡಿಯವನನ್ನು ನೆನೆಯಿರಿ. ಅವನಿಗಾಗಿ ಕಟ್ಟಿದ ಊರಿನಲ್ಲಿ ನಿಂತು ಒಂದು ಲೋಟ ಕಾಫಿ ಕುಡಿಯಿರಿ. ಅಂಗಡಿಯವರು ಮಾತಿಗೆ ಸಿಕ್ಕರೆ ನಿಮ್ಮ ಮೊದಲ ಪ್ರಶ್ನೆಯನ್ನು ಅವರಿಗೇ ಕೇಳಿ.